ಹನ್ನೆರಡರ ಆಧಾರದಲ್ಲಿ ಒಂದು ಪೂರ್ಣಾಂಕ: ಬರೆಯುವ, ಪರೀಕ್ಷಿಸುವ ಮತ್ತು ಗುಣಗಳನ್ನು ಓದುವ ಕ್ರಮ

ಒಂದು ಪೂರ್ಣಾಂಕಕ್ಕೆ ಎರಡು ಬಗೆಯ ಗುಣಗಳಿರುತ್ತವೆ. ಅವಿಭಾಜ್ಯವಾಗಿರುವುದು, ವರ್ಗಸಂಖ್ಯೆಯಾಗಿರುವುದು, 7ರಿಂದ ನಿಶ್ಶೇಷವಾಗಿ ಭಾಗವಾಗುವುದು ಇವೆಲ್ಲ ಸಂಖ್ಯೆಯ ಸ್ವಂತ ಗುಣಗಳು. ಅದನ್ನು ಯಾವ ಲಿಪಿಯಲ್ಲಿ, ಯಾವ ಆಧಾರದಲ್ಲಿ ಬರೆದರೂ ಅವು ಬದಲಾಗುವುದಿಲ್ಲ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುದು, ಕೊನೆಯಲ್ಲಿ ಸೊನ್ನೆಗಳಿರುವುದು, ಅಂಕಿಗಳ ಮೊತ್ತ ಇಷ್ಟೆಂಬುದು ಇವು ಬರವಣಿಗೆಯ ಗುಣಗಳು. ಆಧಾರ ಬದಲಾದೊಡನೆ ಇವೂ ಬದಲಾಗುತ್ತವೆ. ಹತ್ತರ ಆಧಾರಕ್ಕೆ ಒಗ್ಗಿಹೋದ ನಮಗೆ ಈ ಎರಡರ ನಡುವಿನ ಗೆರೆ ಸಾಮಾನ್ಯವಾಗಿ ಕಾಣುವುದಿಲ್ಲ. ಸಂಖ್ಯೆಯನ್ನು ದ್ವಾದಶಮಾನಕ್ಕೆ, ಅಂದರೆ ಹನ್ನೆರಡರ ಆಧಾರಕ್ಕೆ, ತಂದು ನೋಡಿದಾಗ ಆ ಗೆರೆ ಸ್ಪಷ್ಟವಾಗುತ್ತದೆ. ಅದರ ಜೊತೆಗೆ, ದಶಮಾನದಲ್ಲಿ ಮರೆಯಾಗಿದ್ದ ಕೆಲವು ಸ್ವಂತ ಗುಣಗಳು ಕೊನೆಯ ಅಂಕಿಯಲ್ಲೇ ಎದ್ದು ಕಾಣುತ್ತವೆ. ಈ ಲೇಖನವನ್ನು ಓದಲು ಹನ್ನೆರಡರ ಮಗ್ಗಿ ಬಂದರೆ ಸಾಕು. ಪೆನ್ಸಿಲ್ ಹಿಡಿದು ಓದಿದರೆ ಇನ್ನೂ ಒಳ್ಳೆಯದು.

ಮೊದಲು ಅಂಕಿಗಳ ಏರ್ಪಾಡು

ದಶಮಾನಕ್ಕೆ 0ಯಿಂದ 9ರವರೆಗೆ ಹತ್ತು ಅಂಕಿಗಳು ಬೇಕಾದಂತೆ ದ್ವಾದಶಮಾನಕ್ಕೆ ಹನ್ನೆರಡು ಅಂಕಿಗಳು ಬೇಕು. ಹತ್ತಕ್ಕೂ ಹನ್ನೊಂದಕ್ಕೂ ಒಂದೊಂದು ಬಿಡಿ ಚಿಹ್ನೆ ಇರಲೇಬೇಕು, ಏಕೆಂದರೆ ಇಲ್ಲಿ 10 ಎಂದು ಬರೆದರೆ ಅದು ‘ಒಂದು ಡಜನ್, ಬಿಡಿ ಏನೂ ಇಲ್ಲ’ ಎಂದಾಗುತ್ತದೆ. ತಲೆಕೆಳಗಾದ 2 ಮತ್ತು 3ರಂತೆ ಕಾಣುವ ಎರಡು ಚಿಹ್ನೆಗಳನ್ನು ಶೀಘ್ರಲಿಪಿಯ ಐಸಾಕ್ ಪಿಟ್‌ಮನ್ 19ನೇ ಶತಮಾನದಲ್ಲಿ ಬಳಸಿದ್ದರು. 2015ರಲ್ಲಿ ಅವು ಯೂನಿಕೋಡ್‌ಗೂ ಸೇರಿದವು. ಆದರೆ ಎಲ್ಲ ಫೋನುಗಳ ಫಾಂಟಿನಲ್ಲೂ ಅವು ಮೂಡುವುದಿಲ್ಲ. ಆದ್ದರಿಂದ ಇಲ್ಲಿ ಹತ್ತಕ್ಕೆ ‘ಹ’ ಎಂದೂ ಹನ್ನೊಂದಕ್ಕೆ, ಏಕಾದಶದ ಮೊದಲ ಅಕ್ಷರವಾದ, ‘ಏ’ ಎಂದೂ ಬರೆಯುತ್ತೇನೆ. ದ್ವಾದಶಮಾನದ ಬರಹವನ್ನೆಲ್ಲ ಚೌಕ ಕಂಸದೊಳಗೆ ಇಡುತ್ತೇನೆ. ಕಂಸವಿಲ್ಲದ ಸಂಖ್ಯೆ ಎಂದಿನ ದಶಮಾನದ್ದು. ಹೀಗೆ [10] ಎಂದರೆ 12, [1ಹ] ಎಂದರೆ 22, [ಏಏ] ಎಂದರೆ 143.

ಸ್ಥಾನಬೆಲೆಗಳು ಬಲದಿಂದ ಎಡಕ್ಕೆ 1, 12, 144, 1728, 20736 ಎಂದು ಏರುತ್ತವೆ. ಇದು ನಮಗೆ ಹೊಸತೇನೂ ಅಲ್ಲ. ಬಡಗಿ ‘ಏಳು ಅಡಿ ಐದು ಅಂಗುಲ’ ಎಂದಾಗ ಆ ಎರಡು ಅಂಕಿಗಳನ್ನು ಒತ್ತಟ್ಟಿಗೆ ಬರೆದರೆ [75] ಅಂಗುಲವೇ ಆಗುತ್ತದೆ, ಅಂದರೆ 89. ಅಂಗಡಿಯ ಲೆಕ್ಕದಲ್ಲಿ ಹನ್ನೆರಡು ಡಜನ್ನಿಗೆ ಒಂದು ಗ್ರೋಸ್; ಎರಡು ಗ್ರೋಸ್, ಮೂರು ಡಜನ್, ಏಳು ಬಿಡಿ ಎಂದರೆ [237]. ಆಣೆಗೆ ಹನ್ನೆರಡು ಪೈ ಇದ್ದ ಕಾಲದಲ್ಲಿ ಮೂರು ಆಣೆ ಎಂಟು ಪೈ ಎಂಬುದು [38] ಪೈ. ಹದಿನಾರು ಆಣೆಯ ರೂಪಾಯಿ [140] ಪೈ. ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗಿಣ್ಣುಗಳನ್ನು ಮುಟ್ಟುತ್ತ ಎಣಿಸುವವರು ಒಂದು ಕೈಯಲ್ಲಿ ನಿಲ್ಲುವುದೂ ಹನ್ನೆರಡಕ್ಕೇ.

ದಶಮಾನದಿಂದ ದ್ವಾದಶಮಾನಕ್ಕೆ

ಸಂಖ್ಯೆಯನ್ನು ಹನ್ನೆರಡರಿಂದ ಭಾಗಿಸಿ, ಶೇಷವನ್ನು ಪಕ್ಕದಲ್ಲಿ ಬರೆದುಕೊಳ್ಳಿ; ಭಾಗಲಬ್ಧವನ್ನು ಮತ್ತೆ ಹನ್ನೆರಡರಿಂದ ಭಾಗಿಸಿ; ಭಾಗಲಬ್ಧ ಸೊನ್ನೆಯಾಗುವವರೆಗೆ ಮುಂದುವರಿಸಿ. ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಅದೇ ದ್ವಾದಶಮಾನದ ಬರಹ. ಕನ್ನಡನಾಡು ಒಂದಾದ 1956ನ್ನೇ ತೆಗೆದುಕೊಳ್ಳೋಣ.

1956 ÷ 12 = 163, ಶೇಷ 0
163 ÷ 12 = 13, ಶೇಷ 7
13 ÷ 12 = 1, ಶೇಷ 1
1 ÷ 12 = 0, ಶೇಷ 1

ಉತ್ತರ [1170]. ಹಿಂದಿರುಗಿ ಬರುವ ದಾರಿ ಇದಕ್ಕೂ ಸುಲಭ: ಎಡಗಡೆಯ ಅಂಕಿಯಿಂದ ಆರಂಭಿಸಿ, ಕೈಯಲ್ಲಿರುವುದನ್ನು ಹನ್ನೆರಡರಿಂದ ಗುಣಿಸಿ ಮುಂದಿನ ಅಂಕಿಯನ್ನು ಕೂಡಿಸುತ್ತ ಹೋಗಬೇಕು. 1; 1 × 12 + 1 = 13; 13 × 12 + 7 = 163; 163 × 12 + 0 = 1956. ಪರಿವರ್ತನೆ ಮಾಡಿದಾಗಲೆಲ್ಲ ಹೀಗೆ ಹಿಂದಕ್ಕೆ ಬಂದು ತಾಳೆ ನೋಡುವುದು ಒಳ್ಳೆಯದು, ಏಕೆಂದರೆ ಶೇಷ 10 ಅಥವಾ 11 ಬಂದ ಕಡೆ ಅಭ್ಯಾಸಬಲದಿಂದ ಎರಡು ಅಂಕಿ ಬರೆದುಬಿಡುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು.

ದೊಡ್ಡ ಸಂಖ್ಯೆಗಳಿಗೆ ಎಕ್ಸೆಲ್‌ನ ‘ಬೇಸ್’ ಮತ್ತು ‘ಡೆಸಿಮಲ್’ ಎಂಬ ಸೂತ್ರಗಳು, ಪೈಥಾನ್ ಬಲ್ಲವರಿಗೆ ‘ಇಂಟ್’ ಎಂಬ ಆದೇಶದ ಎರಡನೆಯ ಅಂಶ ನೆರವಾಗುತ್ತವೆ. ಅವು ಹ, ಏ ಬದಲು ಇಂಗ್ಲಿಷಿನ ಎ, ಬಿ ಅಕ್ಷರಗಳನ್ನು ಬಳಸುತ್ತವೆ. ಮೊದಲ ಒಂದೆರಡು ದಿನ ಮಾತ್ರ ಕೈಯಲ್ಲೇ ಮಾಡುವುದು ಮೇಲು.

ಕೂಡಿಸುವಾಗ ಹನ್ನೆರಡಾದರೆ ‘ಕೈಯಲ್ಲಿ ಒಂದು’. ಇದನ್ನು ರಾಮಾನುಜನ್ ಅವರ ಹೆಸರಿನೊಡನೆ ಸೇರಿಕೊಂಡಿರುವ 1729ರ ಮೇಲೆಯೇ ಅಭ್ಯಾಸ ಮಾಡಬಹುದು. ಲಂಡನ್ನಿನ ಪಟ್ನಿಯ ಆಸ್ಪತ್ರೆಯಲ್ಲಿದ್ದ ರಾಮಾನುಜನ್ ಅವರನ್ನು ನೋಡಲು ಬಂದ ಗಣಿತಜ್ಞ ಹಾರ್ಡಿ ತಮ್ಮ ಟ್ಯಾಕ್ಸಿಯ ಸಂಖ್ಯೆ 1729 ನೀರಸವಾಗಿದೆ ಎಂದಾಗ, ಎರಡು ಧನ ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಎಂದು ರಾಮಾನುಜನ್ ಉತ್ತರಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. 1728 ಎಂಬುದು ಹನ್ನೆರಡರ ಘನವಾದ್ದರಿಂದ ದ್ವಾದಶಮಾನದಲ್ಲಿ ಇದು [1001]. ಒಂದರ ಘನ ಮತ್ತು [10]ರ ಘನದ ಮೊತ್ತ ಎಂಬುದು ಬರವಣಿಗೆಯಲ್ಲೇ ಇದೆ. ಇನ್ನೊಂದು ರೀತಿ 9ರ ಘನ ಮತ್ತು ಹತ್ತರ ಘನ: 729 ಎಂದರೆ [509], 1000 ಎಂದರೆ [6ಏ4]. ಕೂಡಿಸಿ ನೋಡಿ. ಬಿಡಿಯ ಸ್ಥಾನದಲ್ಲಿ 9 ಮತ್ತು 4 ಸೇರಿ ಹದಿಮೂರು, ಬರೆಯುವುದು 1, ಕೈಯಲ್ಲಿ ಒಂದು; ಡಜನ್ ಸ್ಥಾನದಲ್ಲಿ 0, ಏ ಮತ್ತು ಕೈಯಲ್ಲಿನ 1 ಸೇರಿ ಹನ್ನೆರಡು, ಬರೆಯುವುದು 0, ಮತ್ತೆ ಕೈಯಲ್ಲಿ ಒಂದು; ಗ್ರೋಸ್ ಸ್ಥಾನದಲ್ಲಿ 5, 6 ಮತ್ತು 1 ಸೇರಿ ಪುನಃ ಹನ್ನೆರಡು, ಬರೆಯುವುದು 0, ಮುಂದಿನ ಮನೆಗೆ 1. ಮೂರೂ ಮನೆಗಳಲ್ಲಿ ಒಂದೊಂದು ಮೇಲಕ್ಕೆ ಹೋಗಿ [1001] ನಿಲ್ಲುತ್ತದೆ.

ಕೊನೆಯ ಅಂಕಿ ಹೇಳುವುದು

12ರ ಭಾಜಕಗಳು 2, 3, 4, 6. ಆದ್ದರಿಂದ ಈ ನಾಲ್ಕರಿಂದಲೂ ಮತ್ತು ಹನ್ನೆರಡರಿಂದಲೂ ಭಾಗವಾಗುತ್ತದೆಯೇ ಎಂಬುದನ್ನು ಕೊನೆಯ ಅಂಕಿಯೊಂದೇ ನಿರ್ಧರಿಸುತ್ತದೆ. ಕೊನೆಯ ಅಂಕಿ 0, 3, 6, 9 ಆಗಿದ್ದರೆ 3ರಿಂದ ಭಾಗವಾಗುತ್ತದೆ. 0, 4, 8 ಆಗಿದ್ದರೆ 4ರಿಂದ. 0 ಅಥವಾ 6 ಆಗಿದ್ದರೆ 6ರಿಂದ. ದಶಮಾನದಲ್ಲಿ 3ಕ್ಕೆ ಅಂಕಿಗಳ ಮೊತ್ತ, 4ಕ್ಕೆ ಕೊನೆಯ ಎರಡು ಅಂಕಿ, 6ಕ್ಕೆ ಎರಡು ಪರೀಕ್ಷೆಗಳು ಬೇಕಿದ್ದವು. ಕೊನೆಯ ಎರಡು ಅಂಕಿಗಳನ್ನು ನೋಡಿದರೆ 144ರ ಉಳಿದ ಭಾಜಕಗಳಾದ 8, 9, 16, 18, 24, 36, 48, 72 ಇವುಗಳ ವಿಷಯವೂ ತಿಳಿಯುತ್ತದೆ. 27, 32, 64ಕ್ಕೆ ಮೂರು ಅಂಕಿಗಳು ಬೇಕು.

ಅವಿಭಾಜ್ಯ ಸಂಖ್ಯೆಗಳ ವಿಷಯದಲ್ಲಿ ಕೊನೆಯ ಅಂಕಿ ಇನ್ನೂ ಹೆಚ್ಚು ಮಾತಾಡುತ್ತದೆ. 2 ಮತ್ತು 3ನ್ನು ಬಿಟ್ಟರೆ ಎಲ್ಲ ಅವಿಭಾಜ್ಯಗಳೂ 1, 5, 7, ಏ ಈ ನಾಲ್ಕರಲ್ಲೊಂದರಿಂದ ಕೊನೆಗೊಳ್ಳಲೇಬೇಕು. ಹಾಗೆ ಕೊನೆಗೊಂಡ ಮಾತ್ರಕ್ಕೆ ಅವಿಭಾಜ್ಯವೆಂದು ಹೇಳಲಾಗದು. [21] ಎಂದರೆ 25, [2ಏ] ಎಂದರೆ 35. ಆದರೆ ಅವಿಭಾಜ್ಯವೆಂದು ಗೊತ್ತಾದ ಮೇಲೆ ಆ ಅಂಕಿಯೇ ಅದರ ಜಾತಿಯನ್ನು ಹೇಳುತ್ತದೆ. 1 ಅಥವಾ 5ರಿಂದ ಕೊನೆಗೊಳ್ಳುವ ಅವಿಭಾಜ್ಯವನ್ನು ನಾಲ್ಕರಿಂದ ಭಾಗಿಸಿದರೆ ಶೇಷ 1 ಬರುತ್ತದೆ, ಹಾಗೂ ಗಣಿತಜ್ಞ ಫರ್ಮಾ ಗುರುತಿಸಿದ ನಿಯಮದಂತೆ ಅದು ಎರಡು ವರ್ಗಗಳ ಮೊತ್ತ: [11], ಅಂದರೆ 13, 4 ಮತ್ತು 9ರ ಮೊತ್ತ, [25], ಅಂದರೆ 29, 25 ಮತ್ತು 4ರ ಮೊತ್ತ, [31], ಅಂದರೆ 37, 36 ಮತ್ತು 1ರ ಮೊತ್ತ. 7 ಅಥವಾ ಏಯಿಂದ ಕೊನೆಗೊಳ್ಳುವ [17], [1ಏ] ಮೊದಲಾದವುಗಳನ್ನು ಹಾಗೆ ಒಡೆಯಲು ಎಂದಿಗೂ ಆಗದು. ದಶಮಾನದಲ್ಲಿ 13, 23, 43, 53 ಎಲ್ಲವೂ 3ರಿಂದಲೇ ಕೊನೆಗೊಳ್ಳುತ್ತವೆ. ಯಾವುದು ಯಾವ ಜಾತಿ ಎಂದು ಕೊನೆಯ ಅಂಕಿಯಿಂದ ಹೇಳಲಾಗದು. ಅವಳಿ ಅವಿಭಾಜ್ಯಗಳೂ, ಅಂದರೆ ಎರಡರ ಅಂತರವಿರುವ ಜೋಡಿಗಳೂ, ಮೊದಲ ಜೋಡಿಯಾದ 3 ಮತ್ತು 5ನ್ನು ಬಿಟ್ಟರೆ, 5–7 ಅಥವಾ ಏ–1 ಎಂಬ ಎರಡೇ ವೇಷಗಳಲ್ಲಿ ಬರುತ್ತವೆ: [15] ಮತ್ತು [17], [25] ಮತ್ತು [27], [4ಏ] ಮತ್ತು [51].

ವರ್ಗಸಂಖ್ಯೆಗಳಿಗೆ ನಿಯಮ ಮತ್ತಷ್ಟು ಬಿಗಿ. ಅವು 0, 1, 4, 9ರಿಂದ ಮಾತ್ರ ಕೊನೆಗೊಳ್ಳುತ್ತವೆ, ಎಂದರೆ ಈ ನಾಲ್ಕೂ ಅಂಕಿಗಳು ತಾವೇ ವರ್ಗಗಳು. ಕೊನೆಯ ಅಂಕಿ 0 ಆದರೆ ಕೊನೆಯ ಎರಡು ಅಂಕಿಗಳು 00 ಅಥವಾ 30 ಆಗಿರಬೇಕು. 9 ಆದರೆ 09 ಅಥವಾ 69. 1 ಆದರೆ ಅದರ ಹಿಂದಿನ ಅಂಕಿ ಸಮಸಂಖ್ಯೆಯಾಗಿರಬೇಕು. ಕೊನೆಯ ನಿಯಮಕ್ಕೆ ಕಾರಣ, 2ರಿಂದಲೂ 3ರಿಂದಲೂ ಭಾಗವಾಗದ ಯಾವ ಸಂಖ್ಯೆಯ ವರ್ಗವನ್ನೇ ಆಗಲಿ 24ರಿಂದ ಭಾಗಿಸಿದರೆ ಶೇಷ 1 ಬರುತ್ತದೆ ಎಂಬುದು: 25 ಎಂದರೆ [21], 49 ಎಂದರೆ [41], 121 ಎಂದರೆ [ಹ1], 289 ಎಂದರೆ [201]. ಘನಸಂಖ್ಯೆಗಳ ಬಗ್ಗೆ ಇಷ್ಟೇ: 2, 6, ಹ ಈ ಮೂರರಿಂದ ಯಾವ ಘನವೂ ಕೊನೆಗೊಳ್ಳದು.

ಪರಿಪೂರ್ಣ ಸಂಖ್ಯೆಗಳು, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗುವಂಥವು, ಇಲ್ಲಿ ಸೊಗಸಾಗಿ ಸಾಲುಗೂಡುತ್ತವೆ. 6, 28, 496, 8128 ಇವು ದ್ವಾದಶಮಾನದಲ್ಲಿ [6], [24], [354], [4854]. ಸಮ ಪರಿಪೂರ್ಣ ಸಂಖ್ಯೆಗಳು ದಶಮಾನದಲ್ಲಿ 6ರಿಂದಲೋ 8ರಿಂದಲೋ ಕೊನೆಗೊಳ್ಳುತ್ತವೆ, ಯಾವಾಗ ಯಾವುದೆಂದು ನೋಡಿಯೇ ತಿಳಿಯಬೇಕು. ದ್ವಾದಶಮಾನದಲ್ಲಿ 496ರಿಂದ ಮುಂದಕ್ಕೆ ಎಲ್ಲವೂ 54ರಿಂದಲೇ ಕೊನೆಗೊಳ್ಳುತ್ತವೆ. ಅವೆಲ್ಲ 16ರಿಂದ ಭಾಗವಾಗುತ್ತವೆ, ಒಂಬತ್ತರಿಂದ ಭಾಗಿಸಿದರೆ ಶೇಷ 1 ಉಳಿಸುತ್ತವೆ. 144ರೊಳಗೆ ಈ ಎರಡು ಷರತ್ತುಗಳನ್ನೂ ಪೂರೈಸುವ ಸಂಖ್ಯೆ 64 ಒಂದೇ, ಅದೇ [54]. ಈ [54]ಕ್ಕೆ ಇನ್ನೊಂದು ವಿಶೇಷವೂ ಇದೆ: ಅದರ ವರ್ಗ [2454], ಎಂದರೆ ವರ್ಗ ಮಾಡಿದರೂ ಬಾಲ ಬದಲಾಗುವುದಿಲ್ಲ. [69] ಕೂಡ ಹಾಗೆಯೇ. ಅದರ ವರ್ಗ [3969]. ಆದರೆ ಇದು ಬರವಣಿಗೆಯ ಗುಣ. ದಶಮಾನದಲ್ಲಿ ಆ ಪಾತ್ರ 25 ಮತ್ತು 76ರದು.

ಎಲ್ಲ ಅಂಕಿಗಳನ್ನೂ ಬಳಸುವ ಪರೀಕ್ಷೆಗಳು

ದಶಮಾನದಲ್ಲಿ ಒಂಬತ್ತು ಮಾಡುವ ಕೆಲಸವನ್ನು ಇಲ್ಲಿ ಹನ್ನೊಂದು ಮಾಡುತ್ತದೆ, ದಶಮಾನದಲ್ಲಿ ಹನ್ನೊಂದು ಮಾಡುವುದನ್ನು ಹದಿಮೂರು ಮಾಡುತ್ತದೆ. 12ನ್ನು 11ರಿಂದ ಭಾಗಿಸಿದರೆ ಶೇಷ 1 ಆದ್ದರಿಂದ ಅಂಕಿಗಳ ಮೊತ್ತ 11ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ. ಏ ಮಗ್ಗಿಯನ್ನು ಬರೆದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: [ಏ], [1ಹ], [29], [38], [47], [56], [65], [74], [83], [92], [ಹ1], [ಏ0]. ಅದೇ ರೀತಿ, ಬಲದಿಂದ ಆರಂಭಿಸಿ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿಸುತ್ತ ಕಳೆಯುತ್ತ ಹೋದಾಗ ಬರುವ ಫಲ 13ರಿಂದ ಭಾಗವಾದರೆ ಸಂಖ್ಯೆಯೂ 13ರಿಂದ ಭಾಗವಾಗುತ್ತದೆ. 

ಮೊತ್ತದ ಪರೀಕ್ಷೆ ಲೆಕ್ಕ ತಾಳೆ ನೋಡಲೂ ಒದಗುತ್ತದೆ. ಮೇಲೆ ಕೂಡಿಸಿದ [509]ರ ಅಂಕಿಗಳ ಮೊತ್ತ 14, ಹನ್ನೊಂದನ್ನು ತೆಗೆದರೆ 3. [6ಏ4]ರದು 21, ತೆಗೆದರೆ 10. ಎರಡೂ ಸೇರಿ 13, ತೆಗೆದರೆ 2. ಉತ್ತರವಾದ [1001]ರ ಅಂಕಿಗಳ ಮೊತ್ತವೂ 2. ಲೆಕ್ಕ ಸರಿ.

5 ಮತ್ತು 7 ಇಲ್ಲಿ ತೊಡಕಿನವು ಎಂದು ದ್ವಾದಶಮಾನವನ್ನು ಟೀಕಿಸುವವರು ಹೇಳುತ್ತಾರೆ, ಅದರಲ್ಲಿ ಸತ್ಯಾಂಶವಿದೆ. ಐದರ ಮಗ್ಗಿ [5], [ಹ], [13], [18], [21], [26], [2ಏ] ಎಂದು ಹೋಗುತ್ತದೆ. ಹನ್ನೆರಡು ಸಾಲು ಮುಗಿಯುವವರೆಗೆ ಕೊನೆಯ ಅಂಕಿ ಮರುಕಳಿಸುವುದೇ ಇಲ್ಲ. ಆದರೆ ಎರಡನ್ನೂ ಒಂದೇ ಏಟಿಗೆ ಪರೀಕ್ಷಿಸುವ ಉಪಾಯವೊಂದಿದೆ. ಕೊನೆಯ ಅಂಕಿಯನ್ನು ತೆಗೆದು, ಅದರ ಮೂರು ಪಟ್ಟನ್ನು ಉಳಿದ ಭಾಗಕ್ಕೆ ಕೂಡಿಸಿ. ಬಂದದ್ದು 5ರಿಂದ ಭಾಗವಾದರೆ ಮೂಲ ಸಂಖ್ಯೆಯೂ 5ರಿಂದ, 7ರಿಂದ ಭಾಗವಾದರೆ 7ರಿಂದ ಭಾಗವಾಗುತ್ತದೆ. ಸಂಖ್ಯೆ ದೊಡ್ಡದಿದ್ದರೆ ಇದನ್ನೇ ಮತ್ತೆ ಮತ್ತೆ ಮಾಡಬಹುದು. ಕಾರಣ ಸರಳ: ಹೊಸ ಸಂಖ್ಯೆಯನ್ನು ಹನ್ನೆರಡರಿಂದ ಗುಣಿಸಿದರೆ ಮೂಲ ಸಂಖ್ಯೆಗಿಂತ ಕೊನೆಯ ಅಂಕಿಯ 35 ಪಟ್ಟು ಹೆಚ್ಚಾಗುತ್ತದೆ, ಮತ್ತು 35 ಎಂಬುದು 5 ಮತ್ತು 7ರ ಗುಣಲಬ್ಧ.

ಇನ್ನೊಂದು ಮಾರ್ಗವನ್ನು 1729 ತೋರಿಸಿಕೊಡುತ್ತದೆ. ದಶಮಾನದಲ್ಲಿ 1001 ಎಂಬುದು 7, 11, 13ರ ಗುಣಲಬ್ಧವಾದ್ದರಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ ಕೂಡಿ ಕಳೆದರೆ ಆ ಮೂರರ ಪರೀಕ್ಷೆಯೂ ಮುಗಿಯುತ್ತದೆ. ದ್ವಾದಶಮಾನದಲ್ಲಿ [1001] ಎಂದರೆ 1729, ಅದರ ಅಪವರ್ತನಗಳು 7, 13, 19. ಆದ್ದರಿಂದ ಇಲ್ಲಿ ಅದೇ ಗುಂಪು ಲೆಕ್ಕ 7, 13, 19ಕ್ಕೆ ಕೆಲಸ ಮಾಡುತ್ತದೆ. ಎರಡೆರಡು ಅಂಕಿಗಳ ಗುಂಪು ಮಾಡಿ ಕೂಡಿ ಕಳೆದರೆ 5 ಮತ್ತು 29ರ ಪರೀಕ್ಷೆಯಾಗುತ್ತದೆ, ಏಕೆಂದರೆ [101] ಎಂಬುದು 145.

ಒಂದು ಸಂಖ್ಯೆಯನ್ನು ಪೂರ್ತಿ ಬಿಡಿಸುವುದು

[22099] ಎಂಬ ಸಂಖ್ಯೆಯನ್ನು ಯಾರೋ ಕೊಟ್ಟರು ಎಂದಿಟ್ಟುಕೊಳ್ಳಿ. ದಶಮಾನಕ್ಕೆ ಹೋಗದೆ ಅದರ ಅಪವರ್ತನಗಳನ್ನು ಹುಡುಕೋಣ.

ಕೊನೆಯ ಅಂಕಿ 9. ಆದ್ದರಿಂದ ಬೆಸಸಂಖ್ಯೆ, 3ರಿಂದ ಭಾಗವಾಗುತ್ತದೆ. ಕೊನೆಯ ಎರಡು ಅಂಕಿಗಳು [99], ಅಂದರೆ 117, ಅದು 9ರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ ಭಾಗವಾಗುತ್ತದೆ. ಕೊನೆಯ ಮೂರು ಅಂಕಿಗಳು [099]. 117ನ್ನು 27 ಭಾಗಿಸದು, ಹಾಗಾಗಿ 3ರ ಘಾತ ಎರಡಕ್ಕೇ ನಿಂತಿತು. ಬಾಲ 09 ಅಥವಾ 69 ಅಲ್ಲದ್ದರಿಂದ ಇದು ವರ್ಗಸಂಖ್ಯೆಯಲ್ಲ ಎಂಬುದೂ ಇಲ್ಲಿಯೇ ತಿಳಿಯಿತು.

ಅಂಕಿಗಳ ಮೊತ್ತ 2 + 2 + 0 + 9 + 9 = 22; ಆದ್ದರಿಂದ 11ರಿಂದ ಭಾಗವಾಗುತ್ತದೆ. ಬಲದಿಂದ 9 − 9 + 0 − 2 + 2 = 0; ಆದ್ದರಿಂದ 13ರಿಂದಲೂ ಭಾಗವಾಗುತ್ತದೆ.

ಈಗ 5 ಮತ್ತು 7. ಕೊನೆಯ 9ನ್ನು ತೆಗೆದರೆ ಉಳಿಯುವುದು [2209]. 9ರ ಮೂರು ಪಟ್ಟು 27, ಅಂದರೆ [23]. ಎರಡೂ ಸೇರಿ [2230]. ಕೊನೆಯ ಸೊನ್ನೆಯ ಮೂರು ಪಟ್ಟು ಸೊನ್ನೆಯೇ, ಹಾಗಾಗಿ [223]. ಮತ್ತೆ [22] ಮತ್ತು 9 ಸೇರಿ [2ಏ]. ಅದು 35. ಎರಡರಿಂದಲೂ ಭಾಗವಾಗುತ್ತದೆ. ಇದನ್ನು ಮೂರಂಕಿ ಗುಂಪಿನಿಂದಲೂ ತಾಳೆ ನೋಡಬಹುದು: [099]ರಿಂದ [22] ಕಳೆದರೆ [77], ಅದು 7 ಮತ್ತು [11]ರ ಗುಣಲಬ್ಧವೆಂದು ನೋಡಿದರೇ ತಿಳಿಯುತ್ತದೆ, ಆದ್ದರಿಂದ 7 ಮತ್ತು 13 ಹೌದು, 19 ಅಲ್ಲ.

ಒಟ್ಟು 9 × 5 × 7 × 11 × 13 = 45045. ಪರಿವರ್ತಿಸಿ ನೋಡಿದರೆ [22099] ಅಷ್ಟೇ ಇದೆ, ಬೇರೆ ಅಪವರ್ತನ ಉಳಿದಿಲ್ಲ. ದಶಮಾನದಲ್ಲಿ 45 ಮತ್ತು 045 ಅಕ್ಕಪಕ್ಕ ನಿಂತಿರುವುದರಿಂದ ಇದು 1001ರ 45 ಪಟ್ಟು ಎಂಬುದು ಕೂಡಲೇ ಹೊಳೆಯುತ್ತಿತ್ತು. ದ್ವಾದಶಮಾನದಲ್ಲಿ ಆ ಸುಳಿವು ಅಳಿಸಿಹೋಗುತ್ತದೆ. ಯಾವ ಆಧಾರವೂ ಎಲ್ಲ ಸಂಖ್ಯೆಗಳಿಗೂ ಅನುಕೂಲವಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಅಪವರ್ತನಗಳು ಸಿಕ್ಕ ಮೇಲೆ ಉಳಿದ ಸ್ವಂತ ಗುಣಗಳು ತಾವಾಗಿ ಬರುತ್ತವೆ. ಭಾಜಕಗಳ ಸಂಖ್ಯೆ 3 × 2 × 2 × 2 × 2 = 48, ಅಂದರೆ [40]. ಭಾಜಕಗಳೆಲ್ಲದರ ಮೊತ್ತ 13 × 6 × 8 × 12 × 14 = 104832, ಅಂದರೆ [50800]. ತನ್ನನ್ನು ಬಿಟ್ಟರೆ 59787 ಉಳಿಯುತ್ತದೆ, ಅದು 45045ಕ್ಕಿಂತ ಹೆಚ್ಚು. ಹೀಗೆ ಭಾಜಕಗಳ ಮೊತ್ತ ತನಗಿಂತ ಹೆಚ್ಚಾಗುವ ಬೆಸಸಂಖ್ಯೆಗಳು ವಿರಳ. ಅವುಗಳಲ್ಲಿ ಅತಿ ಚಿಕ್ಕದು 945, ಅಂದರೆ [669].

ಬರವಣಿಗೆಯ ಗುಣಗಳನ್ನು ಬೇರೆ ಇಡುವುದು

ಈಗ ಗೆರೆಯ ಆಚೆಗಿನವು. ಹಿಂದಿನ ಎರಡನ್ನು ಕೂಡಿಸಿ ಮುಂದಿನದನ್ನು ಪಡೆಯುವ 1, 1, 2, 3, 5 ಎಂಬ ಫಿಬೊನಾಚ್ಚಿ ಸಾಲಿನಲ್ಲಿ 144 ಹನ್ನೆರಡನೆಯ ಸಂಖ್ಯೆ. 0 ಮತ್ತು 1ನ್ನು ಬಿಟ್ಟರೆ ಆ ಸಾಲಿನಲ್ಲಿರುವ ಏಕೈಕ ವರ್ಗಸಂಖ್ಯೆ. ದ್ವಾದಶಮಾನದಲ್ಲಿ ಅದು [100] ಎಂದು ಕಾಣುವಾಗ ಖುಷಿಯಾಗುತ್ತದೆ, ನಿಜ. ಆದರೆ ವರ್ಗವಾಗಿರುವುದು ಸಂಖ್ಯೆಯ ಗುಣ, ಎರಡು ಸೊನ್ನೆ ಬರವಣಿಗೆಯ ಗುಣ. ಕೊನೆಯ ಸೊನ್ನೆಗಳ ವಿಷಯದಲ್ಲಿ ಈ ಎಚ್ಚರ ಮುಖ್ಯ. ಒಂದರಿಂದ ಹತ್ತರವರೆಗಿನ ಸಂಖ್ಯೆಗಳ ಗುಣಲಬ್ಧ ದಶಮಾನದಲ್ಲಿ 3628800, ಕೊನೆಗೆ ಎರಡೇ ಸೊನ್ನೆ, ಏಕೆಂದರೆ ಅದರಲ್ಲಿ 5 ಎರಡೇ ಸಲ ಇದೆ. ದ್ವಾದಶಮಾನದಲ್ಲಿ ಒಂದೊಂದು ಸೊನ್ನೆಗೂ ಎರಡು 2ಗಳು, ಒಂದು 3 ಬೇಕು. ಆ ಗುಣಲಬ್ಧದಲ್ಲಿ ಎಂಟು 2ಗಳೂ ನಾಲ್ಕು 3ಗಳೂ ಇವೆ. ಆದ್ದರಿಂದ ಅದು [1270000], ನಾಲ್ಕು ಸೊನ್ನೆಗಳು.

ಇದಕ್ಕೆ ಮಗುಚಿದ ಮುಖವೂ ಇದೆ. ಮೂರನೇ ಒಂದು ಭಾಗ ಇಲ್ಲಿ [0.4] ಎಂದು ಚೊಕ್ಕವಾಗಿ ಮುಗಿದರೆ, ಹತ್ತನೇ ಒಂದು ಭಾಗ [0.1] ಆದಮೇಲೆ 2497 ಎಂಬ ನಾಲ್ಕು ಅಂಕಿಗಳು ಕೊನೆಯಿಲ್ಲದೆ ಮರುಕಳಿಸುತ್ತವೆ. ರೂಪಾಯಿಗೆ ನೂರು ಪೈಸೆ ಇರುವ ಬೆಲೆಪಟ್ಟಿಯನ್ನು ಈ ಮಾನದಲ್ಲಿ ಬರೆಯಹೊರಟವರಿಗೆ ಇದರ ಕಷ್ಟ ಗೊತ್ತಾಗುತ್ತದೆ.

ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ.ರಾ. ಕಾಪ್ರೇಕರ್ (1905–1986) ಬರವಣಿಗೆಯ ಗುಣಗಳನ್ನೇ ಹೆಚ್ಚಾಗಿ ಅಭ್ಯಸಿಸಿದವರು. ಅಂಕಿಗಳ ಮೊತ್ತದಿಂದ ತಾನೇ ಭಾಗವಾಗುವ ಸಂಖ್ಯೆಗೆ ‘ಹರ್ಷದ’ ಎಂಬ ಹೆಸರಿಟ್ಟವರು ಅವರು. 1729 ದಶಮಾನದಲ್ಲಿ ಹರ್ಷದ ಸಂಖ್ಯೆ: ಅಂಕಿಗಳ ಮೊತ್ತ 19, ಅದನ್ನು ತಿರುಗಿಸಿದರೆ 91, ಎರಡರ ಗುಣಲಬ್ಧ 1729. ದ್ವಾದಶಮಾನದಲ್ಲಿ ಅದೇ ಸಂಖ್ಯೆ ಗತಪ್ರತ್ಯಾಗತವಾದ, ಅಂದರೆ ಎಡದಿಂದಲೂ ಬಲದಿಂದಲೂ ಒಂದೇ ಆಗಿರುವ, [1001] ಆಗುತ್ತದೆ, ಆದರೆ ಅಂಕಿಗಳ ಮೊತ್ತ 2, ಸಂಖ್ಯೆಯೋ ಬೆಸ; ಹರ್ಷದತ್ವ ಹೋಯಿತು. ಒಂದು ಬಂತು, ಒಂದು ಹೋಯಿತು, 1729 ಮಾತ್ರ ಇದ್ದಲ್ಲೇ ಇದೆ.

ಕಾಪ್ರೇಕರ್ ಅವರ ಇನ್ನೊಂದು ಕ್ರಿಯೆಯನ್ನು ನೀವೇ ಮಾಡಿ ನೋಡಬಹುದು. ಮೂರು ಅಂಕಿಗಳು, ಎಲ್ಲವೂ ಒಂದೇ ಆಗಿರಬಾರದು, ಎಂಬ ಷರತ್ತಿನೊಡನೆ ಯಾವುದಾದರೊಂದು ದ್ವಾದಶಮಾನದ ಸಂಖ್ಯೆಯನ್ನು ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದಲ್ಲಿ ಬರೆದದ್ದನ್ನು ಕಳೆಯಿರಿ. ಉತ್ತರಕ್ಕೆ ಮತ್ತೆ ಅದನ್ನೇ ಮಾಡಿ. ಎಡಗಡೆ ಸೊನ್ನೆ ಬಂದರೆ ಅದನ್ನು ಬಿಡದೆ ಇಟ್ಟುಕೊಳ್ಳಬೇಕು. [30ಹ]ಯಿಂದ ಆರಂಭಿಸಿದರೆ:

[ಹ30] − [03ಹ] = [9ಏ2]
[ಏ92] − [29ಏ] = [8ಏ3]
[ಏ83] − [38ಏ] = [7ಏ4]
[ಏ74] − [47ಏ] = [6ಏ5]
[ಏ65] − [56ಏ] = [5ಏ6]
[ಏ65] − [56ಏ] = [5ಏ6]

ಇಲ್ಲಿಗೆ ಬಂದದ್ದು ಮುಂದಕ್ಕೆ ಹೋಗದು. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಸಲ ಕಳೆಯುವುದರೊಳಗೆ [5ಏ6], ಅಂದರೆ 858, ಸಿಗುತ್ತದೆ. ಮೊದಲ ಕಳೆಯುವಿಕೆಯಲ್ಲಿ ನಡುವಿನ ಅಂಕಿಗೆ ಬೆಲೆಯೇ ಇಲ್ಲ; ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳ ಅಂತರವನ್ನು 143ರಿಂದ ಗುಣಿಸಿದ್ದೇ ಉತ್ತರ, ಆದ್ದರಿಂದ ನಡುವೆ ಯಾವಾಗಲೂ ಏ ಕುಳಿತುಕೊಳ್ಳುತ್ತದೆ, ಎರಡು ತುದಿಗಳ ಮೊತ್ತ ಯಾವಾಗಲೂ ಹನ್ನೊಂದಾಗುತ್ತದೆ. ಆಮೇಲೆ ಅಂತರ ಒಂದೊಂದಾಗಿ ಇಳಿದು 6ಕ್ಕೆ ನಿಲ್ಲುತ್ತದೆ. ದಶಮಾನದಲ್ಲಿ ಇದೇ ಕ್ರಿಯೆ 495ಕ್ಕೆ ಬಂದು ನಿಲ್ಲುತ್ತದೆ: ನಡುವೆ 9, ತುದಿಗಳ ಮೊತ್ತ 9, ಹೆಚ್ಚೆಂದರೆ ಆರು ಸಲ.